ಈಜುಕೊಳದಲ್ಲಿ ಎರಡು ಕಿ.ಮೀ. ಈಜಬಲ್ಲವರಿಗೆ ಸಮುದ್ರವೂ ಸುಲಭವೇ?

ಟ್ರಯಥ್ಲಾನ್ ಎಂದರೆ ಈಜು, ಸೈಕಲ್, ಓಟ ಮೂರನ್ನೂ ಒಬ್ಬರೇ ಮುಗಿಸಬೇಕು ಎಂದೇನಿಲ್ಲ. ಹಲವು ಸ್ಪರ್ಧೆಗಳಲ್ಲಿ ಮೂವರು ಸೇರಿ ರಿಲೇ ತಂಡ ಕಟ್ಟಿಕೊಳ್ಳಬಹುದು. ಬೆಂಗಳೂರಿನಿಂದಲೂ ಅನೇಕರು ಹೋಗುವ ಗೋವಾದ ಐರನ್‌ಮ್ಯಾನ್ 70.3 ಸ್ಪರ್ಧೆ 2019ರಲ್ಲಿ ಪಣಜಿಯ ಮಿರಾಮಾರ್ ಕಡಲತೀರದಲ್ಲಿ ಶುರುವಾಯಿತು. ಅಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಸೈಕಲ್ ತುಳಿಯುವವರು, ಓಡುವವರು ಸಿಕ್ಕಿದ ಮೇಲೆ ತಂಡದವರ ಕಣ್ಣು ‘ನಿನಗೆ ಈಜು ಬರುತ್ತಲ್ಲ’ ಎಂದು ಒಬ್ಬರ ಮೇಲೆ ಬೀಳುತ್ತದೆ. ಅವರು ಕೊಳದಲ್ಲಿ ಎರಡು ಕಿಲೋಮೀಟರ್ ಈಜಿದವರೇ ಆಗಿರುತ್ತಾರೆ. ಅಷ್ಟು ಸಾಕು ಎಂಬುದೇ ಇಲ್ಲಿನ ದೊಡ್ಡ ತಪ್ಪು ಕಲ್ಪನೆ.

ಮೊದಲು ಲೆಕ್ಕ ನೋಡೋಣ. 25 ಮೀಟರ್ ಕೊಳದಲ್ಲಿ 1.9 ಕಿ.ಮೀ. ಎಂದರೆ 76 ಸುತ್ತು, ನಡುವೆ 75 ತಿರುವು. ಪ್ರತಿ ತಿರುವಿನಲ್ಲೂ ಗೋಡೆಯನ್ನು ಕಾಲಿನಿಂದ ಒದ್ದು ನಾಲ್ಕು ಮೀಟರ್ ಜಾರಿದರೂ ಒಟ್ಟು 300 ಮೀಟರ್ ನೀವು ಈಜಿಯೇ ಇಲ್ಲ. ಮೇಲಾಗಿ, ಪ್ರತಿ ಗೋಡೆಯ ಬಳಿಯೂ ಒಂದು ಕ್ಷಣದ ವಿಶ್ರಾಂತಿ. ಸಮುದ್ರದಲ್ಲಿ ಗೋಡೆಯಿಲ್ಲ. ಹಾಗಾಗಿ ಅಭ್ಯಾಸದಲ್ಲಿ ವಾರಕ್ಕೊಂದು ದಿನವಾದರೂ ಗೋಡೆ ಮುಟ್ಟದೆ, ಒಂದು ಮೀಟರ್ ಮೊದಲೇ ತಿರುಗಿ, ನಿಲ್ಲದೆ ಈಜಬೇಕು. ಮೊದಲ ದಿನವೇ ವ್ಯತ್ಯಾಸ ತಿಳಿಯುತ್ತದೆ.

ಎರಡನೆಯದು ದಿಕ್ಕು. ಕೊಳದ ತಳದಲ್ಲಿ ಎಳೆದ ಗೆರೆಯನ್ನು ನಾವು ಗಮನಿಸದೆಯೇ ನೋಡಿಕೊಂಡು ಈಜುತ್ತಿರುತ್ತೇವೆ. ಪಕ್ಕದಲ್ಲಿ ಯಾರೂ ಇಲ್ಲದಾಗ ಕಣ್ಣು ಮುಚ್ಚಿ ಹತ್ತು ಬಾರಿ ಕೈ ಬೀಸಿ ನೋಡಿ, ಹೆಚ್ಚಿನವರು ಒಂದು ಬದಿಗೆ ವಾಲಿರುತ್ತಾರೆ. ಕದಡಿದ ಕಡಲ ನೀರಿನಲ್ಲಿ ಆಗುವುದೂ ಇದೇ. 1.9 ಕಿ.ಮೀ. ದಾರಿ ಎರಡು ಕಾಲು ಕಿ.ಮೀ. ಆಗಲು ಹೆಚ್ಚು ಹೊತ್ತು ಬೇಡ. ಸ್ಪರ್ಧೆಯ ದಾರಿಯನ್ನು ಗುರುತಿಸಲು ‘ಬಾಯ್’ ಎಂಬ ಗಾಳಿ ತುಂಬಿದ ದೊಡ್ಡ ಬಣ್ಣದ ತೇಲುಗಳನ್ನು ಬಿಟ್ಟಿರುತ್ತಾರೆ. ಆರೆಂಟು ಬಾರಿ ಕೈ ಬೀಸಿದ ಮೇಲೆ ಒಮ್ಮೆ ಮೊಸಳೆಯಂತೆ ಕಣ್ಣಷ್ಟನ್ನೇ ನೀರಿನ ಮೇಲೆ ತಂದು ಅವನ್ನು ನೋಡಿ, ತಲೆ ಪಕ್ಕಕ್ಕೆ ತಿರುಗಿಸಿ ಉಸಿರು ತೆಗೆದುಕೊಳ್ಳಬೇಕು. ಇಡೀ ತಲೆ ಎತ್ತಿದರೆ ಕಾಲು ಮುಳುಗುತ್ತದೆ, ವೇಗ ಬೀಳುತ್ತದೆ, ಕುತ್ತಿಗೆ ನೋಯುತ್ತದೆ. ಅಲೆ ಎದ್ದಾಗ ಬಾಯ್ ಕಾಣುವುದಿಲ್ಲ. ಅದರ ಹಿಂದೆ ನೇರದಲ್ಲಿ ಬರುವ ಕಟ್ಟಡವನ್ನೋ ಮರವನ್ನೋ ಮೊದಲೇ ಗುರುತಿಟ್ಟುಕೊಳ್ಳುವುದು ಜಾಣತನ. ಎರಡೂ ಬದಿಗೆ ಉಸಿರು ತೆಗೆದುಕೊಳ್ಳಲು ಕಲಿಯದಿದ್ದರೆ, ಅಲೆ ನಿಮ್ಮ ಬದಿಯಿಂದಲೇ ಬಂದ ದಿನ ಉಪ್ಪುನೀರು ಕುಡಿಯುತ್ತೀರಿ.

ಇವೆಲ್ಲ ವೇಗದ ಮಾತು. ಜೀವಕ್ಕೆ ಸಂಬಂಧಿಸಿದ್ದು ಬೇರೆ ಇದೆ.

ಅಮೆರಿಕದಲ್ಲಿ 1985ರಿಂದ 2016ರವರೆಗೆ ಟ್ರಯಥ್ಲಾನ್‌ಗಳಲ್ಲಿ ಸಂಭವಿಸಿದ ಸಾವು ಮತ್ತು ಹೃದಯಸ್ತಂಭನದ 135 ಪ್ರಕರಣಗಳನ್ನು ಸಂಶೋಧಕರು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ 90 ಪ್ರಕರಣಗಳು ಈಜಿನ ಹಂತದಲ್ಲೇ ಆಗಿದ್ದವು. ಸರಾಸರಿ ವಯಸ್ಸು 47ರ ಆಸುಪಾಸು, ನೂರಕ್ಕೆ 85 ಮಂದಿ ಗಂಡಸರು. ಶವಪರೀಕ್ಷೆಯ ವಿವರ ಸಿಕ್ಕವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ಹೃದಯ ಅಥವಾ ರಕ್ತನಾಳದ ತೊಂದರೆ ಇತ್ತು. ಹೆದರಬೇಕಾದ ಪ್ರಮಾಣ ಇದಲ್ಲ, ಲಕ್ಷ ಸ್ಪರ್ಧಿಗಳಿಗೆ ಇಬ್ಬರಿಗಿಂತ ಕಡಿಮೆ. ಆದರೆ ಮೂರು ಹಂತಗಳಲ್ಲಿ ಅತಿ ಚಿಕ್ಕದಾದ ಈಜಿನಲ್ಲೇ ಇಷ್ಟೊಂದು ಏಕೆ?

ಕಾರಣ ಒಂದೇ ಅಲ್ಲ. ನೀರು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಚರ್ಮಕ್ಕೆ ತಗುಲಿದ ಕೂಡಲೇ ಉಸಿರು ಎಳೆದುಕೊಂಡಂತಾಗಿ ಏದುಸಿರು ಬರುತ್ತದೆ, ಎದೆಬಡಿತ ಏರುತ್ತದೆ. ಮುಖ ಮುಳುಗಿಸಿ ಉಸಿರು ಹಿಡಿದಾಗ ದೇಹ ಇದಕ್ಕೆ ತದ್ವಿರುದ್ಧವಾಗಿ ಎದೆಬಡಿತವನ್ನು ಇಳಿಸಲು ನೋಡುತ್ತದೆ. ಈ ಎಳೆದಾಟದಲ್ಲಿ ಹೃದಯದ ಲಯ ತಪ್ಪಬಹುದು ಎಂಬುದು ತಜ್ಞರ ವಿವರಣೆ. ಗೋವಾದ ನೀರು ಬೆಚ್ಚಗಿರುತ್ತದೆ ನಿಜ. ಆದರೆ ಗಾಬರಿ, ಸುತ್ತಲಿನವರ ಕೈಕಾಲಿನ ಏಟು, ಆರಂಭದ ಧಾವಂತ ಸೇರಿದರೆ ಬೆಚ್ಚಗಿನ ನೀರಿನಲ್ಲೂ ಉಸಿರು ಕೈತಪ್ಪುತ್ತದೆ. ರಿಲೇಯಲ್ಲಿ ಇದು ಇನ್ನೂ ಹೆಚ್ಚು. ಮುಂದೆ ಸೈಕಲ್, ಓಟಕ್ಕೆಂದು ಶಕ್ತಿ ಉಳಿಸಬೇಕಿಲ್ಲ, ದಡದಲ್ಲಿ ಇಬ್ಬರು ಗೆಳೆಯರು ಕಾಯುತ್ತಿದ್ದಾರೆ, ಈಜನ್ನು 1 ಗಂಟೆ 10 ನಿಮಿಷದೊಳಗೆ ಮುಗಿಸದಿದ್ದರೆ ತಂಡವೇ ಹೊರಗೆ. ಹಾಗಾಗಿ ರಿಲೇ ಈಜುಗಾರರು ಮೊದಲ ನಿಮಿಷದಿಂದಲೇ ಪೂರ್ತಿ ಬಲ ಹಾಕುತ್ತಾರೆ.

ಇದಕ್ಕೆ ಮದ್ದು ಅಭ್ಯಾಸವೇ. ಒಂದೇ ಲೇನ್‌ನಲ್ಲಿ ಮೂರು ನಾಲ್ಕು ಜನ ಒಟ್ಟಿಗೆ ಹೊರಟು, ಮೈಗೆ ಮೈ ತಾಗಿಸಿಕೊಂಡು ಈಜಿ ನೋಡಿ. ಸ್ಪರ್ಧೆಯ ದಿನ ಅವಕಾಶವಿದ್ದರೆ ಮೊದಲೇ ನೀರಿಗಿಳಿದು ಮುಖ ತೋಯಿಸಿ, ಉಸಿರು ನೀರಿನೊಳಗೆ ಬಿಡುತ್ತ ಮೈ ಬಿಸಿ ಮಾಡಿಕೊಳ್ಳಿ. ಮೊದಲ 200 ಮೀಟರ್ ಬೇಕೆಂದೇ ನಿಧಾನ. ಉಸಿರು ಕಟ್ಟಿದರೆ ಅಂಗಾತ ತೇಲಿ, ಕೈ ಎತ್ತಿ ರಕ್ಷಣಾ ದೋಣಿಯನ್ನು ಕರೆಯಿರಿ. ಸಾಮಾನ್ಯವಾಗಿ ದೋಣಿ ಹಿಡಿದು ಸುಧಾರಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಅದರ ನೆರವಿನಿಂದ ಮುಂದೆ ಸಾಗುವಂತಿಲ್ಲ ಅಷ್ಟೆ. ಕೆಮ್ಮು, ಗೊರಗೊರ ಉಸಿರು, ಗುಲಾಬಿ ಬಣ್ಣದ ಕಫ ಬಂದರೆ ಅದು ‘ನೀರು ಕುಡಿದದ್ದು’ ಎಂದು ತಳ್ಳಿಹಾಕಬೇಡಿ. ಈಜುವಾಗ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಸ್ಥಿತಿಯೊಂದಿದೆ, ರಕ್ತದೊತ್ತಡ ಇರುವವರಿಗೆ ಇದರ ಸಾಧ್ಯತೆ ಹೆಚ್ಚು. ತಕ್ಷಣ ಹೊರಬರಬೇಕು. ನಲವತ್ತು ದಾಟಿದವರು ಹೆಸರು ಕೊಡುವ ಮೊದಲೇ ವೈದ್ಯರ ಬಳಿ ಹೃದಯ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು.

‘ಉಪ್ಪುನೀರು ತಾನೇ ತೇಲಿಸುತ್ತದೆ’ ಎಂಬ ಮಾತಿನಲ್ಲಿ ಸ್ವಲ್ಪ ನಿಜವಿದೆ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಶೇ. 2.5ರಷ್ಟು ಸಾಂದ್ರ, ಹಾಗಾಗಿ ಸೊಂಟ, ಕಾಲು ತುಸು ಮೇಲೆ ನಿಲ್ಲುತ್ತವೆ. ಆದರೆ ಅದು ನಿಮ್ಮನ್ನು ದಡಕ್ಕೆ ತಲುಪಿಸುವುದಿಲ್ಲ. ‘ತಿಂದು ಈಜಿದರೆ ಸ್ನಾಯು ಹಿಡಿದು ಮುಳುಗುತ್ತಾರೆ’ ಎಂಬುದಕ್ಕಂತೂ ಆಧಾರವಿಲ್ಲ. ಹೊಟ್ಟೆ ಭಾರ ಎನಿಸದಷ್ಟು ತಿಂದರೆ ಸಾಕು. ಇನ್ನು ಮೈಗಂಟಿದ ವೆಟ್‌ಸೂಟ್ ತೇಲಲು ನೆರವಾಗುತ್ತದೆಂದು ನಂಬಿ ಕೊಳ್ಳಲು ಹೋಗಬೇಡಿ. ನೀರು 24.5 ಡಿಗ್ರಿಗಿಂತ ಬೆಚ್ಚಗಿದ್ದರೆ ಐರನ್‌ಮ್ಯಾನ್ ಸ್ಪರ್ಧೆಗಳಲ್ಲಿ ಅದನ್ನು ಹಾಕಿಕೊಂಡು ಗೆಲ್ಲುವಂತಿಲ್ಲ. ನಮ್ಮ ಕಡಲಿಗೆ ಕುತ್ತಿಗೆ, ಕಂಕುಳಿಗೆ ಹಚ್ಚುವ ವ್ಯಾಸಲೀನ್ ಹೆಚ್ಚು ಉಪಯೋಗಿ. ಉಪ್ಪುನೀರಿನಲ್ಲಿ ಚರ್ಮ ಬೇಗ ಉಜ್ಜಿಹೋಗುತ್ತದೆ.

ತೆರೆದ ನೀರಿನ ಅಭ್ಯಾಸಕ್ಕೆಂದು ಊರ ಕೆರೆಗೋ ಕಲ್ಲುಕ್ವಾರಿಗೋ ಒಬ್ಬರೇ ಇಳಿಯಬೇಡಿ. ಹೂಳು, ಬಳ್ಳಿ, ದಿಢೀರ್ ಆಳ, ಮಳೆ ಬಂದ ಮೇಲೆ ಇಲಿಜ್ವರದ ಭಯ ಬೇರೆ. ಜೊತೆಗೊಬ್ಬರು, ಸೊಂಟಕ್ಕೆ ಕಟ್ಟುವ ಬಣ್ಣದ ತೇಲುಚೀಲ, ದಡದಲ್ಲಿ ಜೀವರಕ್ಷಕರು ಇರುವ ಶಾಂತ ಕಡಲತೀರ ಸಿಕ್ಕರೆ ಎರಡು ಮೂರು ವಾರಾಂತ್ಯ ಸಾಕಷ್ಟು ಕಲಿಸುತ್ತವೆ. ಮಳೆಗಾಲದ ಅರಬ್ಬಿ ಸಮುದ್ರಕ್ಕೆ ಮಾತ್ರ ಬೇಡ. ನೀರು ಒಳಗೆ ಸೆಳೆದರೆ ಎದುರಾಗಿ ಈಜದೆ, ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಹೋಗಿ ಆಮೇಲೆ ತಿರುಗಿ.

ಕೊನೆಯ ನೂರು ಮೀಟರ್‌ನಲ್ಲಿ ಕಾಲನ್ನು ತುಸು ಜೋರಾಗಿ ಬಡಿಯಿರಿ. ಅಷ್ಟು ಹೊತ್ತು ಮಲಗಿದ ಸ್ಥಿತಿಯಲ್ಲಿದ್ದ ದೇಹ ಎದ್ದು ನಿಂತೊಡನೆ ರಕ್ತ ಕಾಲಿಗಿಳಿದು ತಲೆ ಸುತ್ತುತ್ತದೆ. ಎರಡು ಹೆಜ್ಜೆ ನಡೆದು ಆಮೇಲೆ ಓಡಿ. ರಿಲೇಯಲ್ಲಿ ಕೈಯಿಂದ ಕೈಗೆ ಹೋಗುವುದು ಕೋಲಲ್ಲ, ಕಾಲಿಗೆ ಕಟ್ಟಿದ ಟೈಮಿಂಗ್ ಚಿಪ್. ನಡುಗುವ ಬೆರಳಿನಿಂದ ಅದರ ಪಟ್ಟಿ ಬಿಚ್ಚುವುದನ್ನೂ ಮನೆಯಲ್ಲಿ ಒಮ್ಮೆ ಮಾಡಿ ನೋಡಿರಿ.