ಭುವನೇಶ್ವರಿ ನಾಡದೇವಿಯಾದದ್ದು ಯಾವಾಗ?

ಹಂಪಿಯ ವಿರೂಪಾಕ್ಷನ ಗರ್ಭಗುಡಿಯ ಉತ್ತರಕ್ಕೆ ಪಂಪಾದೇವಿ ಮತ್ತು ಭುವನೇಶ್ವರಿಯ ಗುಡಿಗಳಿವೆ. ಸಾಲಿನಲ್ಲಿ ನನ್ನ ಮುಂದಿದ್ದ ತಾಯಿಯೊಬ್ಬಳು ಮಗಳ ತಲೆ ಬಗ್ಗಿಸಿ ಹೇಳಿದಳು: "ಕೈ ಮುಗಿ. ನವೆಂಬರ್‌ದಾಗ ನಿಮ್ಮ ಸಾಲ್ಯಾಗ ಫೋಟೋ ಇಡ್ತಾರಲ್ಲ, ಅಕೀನ ಈಕಿ."

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ದೇವರು ದಿಂಡರೆಂದರೆ ಮೂಗು ಮುರಿಯುವ ನನ್ನ ಗೆಳೆಯರೂ ರಾಜ್ಯೋತ್ಸವದ ದಿನ ಆ ಫೋಟೋಕ್ಕೆ ಹೂವೇರಿಸುತ್ತಾರೆ. ಭಾಷಾಭಿಮಾನ ಲೌಕಿಕ ರಾಜಕಾರಣದ ಮಾತು. ಅದಕ್ಕೊಬ್ಬಳು ದೇವತೆ ಸಿಕ್ಕಿದ್ದು ಯಾವಾಗ? ದಾಖಲೆಗಳಲ್ಲಿ ಹಿಂದಕ್ಕೆ ನಡೆಯುತ್ತ ಹೋಗೋಣವೆಂದುಕೊಂಡೆ.

ಮೊದಲ ದಾಖಲೆ ಕಣ್ಣೆದುರಿನ ಕಲ್ಲೇ. ಹಂಪಿಯೆಂದರೆ ಒರಟು ಗ್ರಾನೈಟ್. ಭುವನೇಶ್ವರಿಯ ಬಾಗಿಲುವಾಡ ಮಾತ್ರ ಹಾಗಲ್ಲ. ಬೆರಳಾಡಿಸಿದರೆ ಜಾರುವಷ್ಟು ನುಣುಪಾದ ಕಪ್ಪು ಛಾಯೆಯ ಕಲ್ಲಿನಲ್ಲಿ ಅದನ್ನು ಕಡೆದಿದ್ದಾರೆ. ಕಂಬಗಳು ತಿರುಗಣೆಯಲ್ಲಿ ಹೊರಳಿಸಿದಂತೆ ಉಂಗುರ ಉಂಗುರ. ಇದು ಚಾಲುಕ್ಯ ಶೈಲಿ, 11-12ನೇ ಶತಮಾನದ ಕೆಲಸ. 1336ರಲ್ಲಿ ಹಕ್ಕ-ಬುಕ್ಕರು ರಾಜ್ಯ ಕಟ್ಟುವ ಹೊತ್ತಿಗೆ ಈ ಕಲ್ಲಿಗೆ ವಯಸ್ಸಾಗಿತ್ತು. ಶಾಕ್ತರ ಹತ್ತು ಮಹಾವಿದ್ಯೆಗಳಲ್ಲಿ ಭುವನೇಶ್ವರಿ ಒಬ್ಬಳು. ಭುವನವೆಂದರೆ ಲೋಕ. ಇಡೀ ಲೋಕದ ಒಡತಿ ಒಂದು ನಾಡಿಗೆ ಒಡತಿಯಾದ ಸಂಗತಿಗೆ ಸಾಕ್ಷಿ ಕಲ್ಲಿನಲ್ಲಿಲ್ಲ, ಕಾಗದದಲ್ಲಿದೆ.

ಕಾಗದ ಬೇಕೆಂದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ. 1991ರಲ್ಲಿ ಹುಟ್ಟಿದ ಈ ಸಂಸ್ಥೆ ಪೂರ್ತಿ ಲೌಕಿಕವಾದದ್ದು. ಆದರೂ ಆವರಣದ ಹೆಸರು ವಿದ್ಯಾರಣ್ಯ, ಆಡಳಿತ ಕಟ್ಟಡ ಕ್ರಿಯಾಶಕ್ತಿ. ಒಬ್ಬರು ಶೃಂಗೇರಿಯ ಯತಿ, ಇನ್ನೊಬ್ಬರು ಕಾಳಾಮುಖ ಗುರು. ಘಟಿಕೋತ್ಸವಕ್ಕೆ ಇಲ್ಲಿ ನುಡಿಹಬ್ಬವೆನ್ನುತ್ತಾರೆ.

ಇಲ್ಲಿಂದ ಹಿಂದಕ್ಕೆ ಹೋದರೆ ವಿಜಯನಗರದ ಆರುನೂರನೇ ವರ್ಷದ ನೆನಪಿಗೆ 1936ರಲ್ಲಿ ಧಾರವಾಡದಿಂದ ಹೊರಬಂದ ಇಂಗ್ಲಿಷ್ ಸಂಪುಟ ಸಿಗುತ್ತದೆ. ಅದರ ಹಿಂದುಮುಂದಿನ ವರ್ಷಗಳಲ್ಲಿ ವಿದ್ವಾಂಸರ ನಡುವೆ ದೊಡ್ಡ ಜಗಳವೇ ನಡೆದಿತ್ತು. ಹಕ್ಕ-ಬುಕ್ಕರು ತೆಲುಗರೆಂದು ಎನ್. ವೆಂಕಟರಮಣಯ್ಯ, ಕನ್ನಡಿಗರೆಂದು ಬಿ.ಎ. ಸಾಲೆತೊರೆ. ವಿದ್ಯಾರಣ್ಯರು ನಗರ ಕಟ್ಟಿಸಿದರೆಂಬ ಕಥೆಯೇ ಶೃಂಗೇರಿಯ ಯತಿಗಳು ಆಮೇಲೆ ಹೆಣೆದದ್ದೆಂದು 1929ರಲ್ಲಿ ಬರೆದವರು ಜೆಸ್ಯೂಟ್ ಪಾದ್ರಿ ಹೆನ್ರಿ ಹೆರಾಸ್. ವಾದವೇನೋ ಶಾಸನಗಳನ್ನು ಮುಂದಿಟ್ಟುಕೊಂಡೇ ನಡೆಯಿತು. ಆದರೆ ಅದರ ಕಾವು ಮಠಗಳ ನಡುವಿನ ವಾಗ್ವಾದದ್ದು.

ಇನ್ನೂ ಹಿಂದೆ ಆಲೂರು ವೆಂಕಟರಾಯರು. 1905ರಲ್ಲಿ ಹಂಪಿಗೆ ಬಂದ ಅವರಿಗೆ ಹಾಳುಗಳ ನಡುವೆ ಒಂದು ದರ್ಶನವೇ ಆಯಿತು. ತಮ್ಮ ಬದುಕು ಅಲ್ಲಿ ತಿರುಗಿತೆಂದು ಮುಂದೆ ಅವರು ನೆನೆದುಕೊಂಡರು. ಬಂಗಾಳದಲ್ಲಿ ಅವನೀಂದ್ರನಾಥ ಠಾಕೂರರು ಭಾರತಮಾತೆಯ ಚಿತ್ರ ಬರೆದದ್ದೂ ಅದೇ ವರ್ಷ. 1917ರಲ್ಲಿ ಆಲೂರರ 'ಕರ್ನಾಟಕ ಗತವೈಭವ' ಬಂತು. ತಿಲಕರ 'ಗೀತಾರಹಸ್ಯ'ವನ್ನು ಕನ್ನಡಕ್ಕೆ ತಂದವರೂ ಇವರೇ. ನಾಡಭಕ್ತಿ ಬೇರೆ, ದೈವಭಕ್ತಿ ಬೇರೆ ಎಂಬ ಗೆರೆ ಅವರಿಗೆ ಕಾಣಲೇ ಇಲ್ಲ. ಆ ಗೆರೆ ಹುಡುಕುತ್ತಿರುವವರು ನಾವು.

ಭಾವಕ್ಕೆ ರೂಪ ಬಂದದ್ದು 1953ರಲ್ಲಿ. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರ ಒತ್ತಾಸೆಯಿಂದ ಗದಗಿನ ಕಲಾವಿದ ಸಿ.ಎನ್. ಪಾಟೀಲರು ಕರ್ನಾಟಕ ಭುವನೇಶ್ವರಿಯ ಚಿತ್ರ ಬರೆದರು. ಉಳಿದವು ಒಂದೊಂದಾಗಿ ಕೂಡಿಕೊಂಡವು. ಅರವತ್ತರ ದಶಕದಲ್ಲಿ ಮ. ರಾಮಮೂರ್ತಿಯವರು ಬಾವುಟ ಕೊಟ್ಟರು, ಜನ ಅದರ ಹಳದಿ-ಕೆಂಪನ್ನು ಅರಿಶಿನ ಕುಂಕುಮ ಎಂದು ಕರೆದರು. 2004ರಲ್ಲಿ ಕುವೆಂಪು ಅವರ ಕವಿತೆ ಅಧಿಕೃತ ನಾಡಗೀತೆಯಾಯಿತು. ಅದರಲ್ಲಿ ಯಾವ ಆಚಾರ್ಯರ ಹೆಸರಿರಬೇಕೆಂಬ ತಕರಾರು ಎದ್ದಿತು. 2022ರಲ್ಲಿ ಎರಡೂವರೆ ನಿಮಿಷದಲ್ಲೇ ಹಾಡಬೇಕೆಂದು ಸರ್ಕಾರದ ಆದೇಶ ಬಂತು. ಮೂರ್ತಿ, ಧ್ವಜ, ಸ್ತೋತ್ರ, ಪಾಠಭೇದ, ವಿಧಿ: ಯಾವುದಕ್ಕೂ ಕೊರತೆಯಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. 1793ರಲ್ಲಿ ಪ್ಯಾರಿಸ್ಸಿನ ಕ್ರಾಂತಿಕಾರಿಗಳು ನೋತ್ರ್ ದಾಮ್ ಇಗರ್ಜಿಯಿಂದ ದೇವರನ್ನು ಹೊರಹಾಕಿ ವಿಚಾರದೇವತೆಯ ಉತ್ಸವ ಮಾಡಿದರು. ದೇವರನ್ನು ಕೈಬಿಟ್ಟ ಆಗಸ್ಟ್ ಕಾಂಟ್ ಮಾನವತೆಗೇ ಒಂದು ಧರ್ಮ ಕಟ್ಟಿ ಅದಕ್ಕೆ ಪಂಚಾಂಗವನ್ನೂ ಬರೆದ. ಪುರೋಹಿತರನ್ನು ದೂರವಿಟ್ಟ ಕುವೆಂಪು ಅವರ ಮಂತ್ರಮಾಂಗಲ್ಯ ಮದುವೆಗೂ ನಾಲ್ವರೆದುರು ಓದುವ ಒಂದು ಪಠ್ಯ ಬೇಕಾಯಿತು. ಸಮಾಜ ಯಾವುದನ್ನು ಪವಿತ್ರವೆಂದು ಬೇರೆಯಾಗಿಟ್ಟು ಅದರ ಸುತ್ತ ಒಂದಾಗುತ್ತದೋ ಅಲ್ಲಿ ಧರ್ಮವಿದೆ ಎಂದು 1912ರಲ್ಲಿ ಎಮಿಲ್ ಡರ್ಕೈಮ್ ಬರೆದ. ಅವನ ಲೆಕ್ಕದಲ್ಲಿ ದೇವರು ಇರಲೇಬೇಕೆಂದಿಲ್ಲ. ಪಕ್ಕದ ತಮಿಳುನಾಡಿನಲ್ಲಿ ತಮಿಳ್ ತಾಯಿಗೆ ಕಾರೈಕುಡಿಯಲ್ಲಿ ಗುಡಿಯೇ ಇದೆ. ಭಾಷೆಯನ್ನು ಪೂಜಿಸುವುದನ್ನು ಗೇಲಿ ಮಾಡಿದ ನಾಸ್ತಿಕ ಪೆರಿಯಾರರ ಪ್ರತಿಮೆಗೂ ಅಲ್ಲಿ ವರ್ಷ ವರ್ಷ ಹಾರ ಬೀಳುತ್ತದೆ.

ಹಾಗಾದರೆ ಧರ್ಮದಂತೆ ನಡೆದರೆ ಕೆಡುಕೇನು? ಹೂವಿನಿಂದ ಯಾರಿಗೂ ನೋವಾಗದು. ಪೇಚು ಶುರುವಾಗುವುದು ಹೂವಿಡಲಾರದವರು ಬಂದಾಗ. ಕನ್ನಡವನ್ನು ಭುವನೇಶ್ವರಿಯಾಗಿಸಿ ಬಾವುಟವನ್ನು ಅರಿಶಿನ ಕುಂಕುಮವಾಗಿಸಿದರೆ ನಾನೆಲ್ಲಿ ನಿಲ್ಲಲಿ ಎಂಬರ್ಥದಲ್ಲಿ ಬಾನು ಮುಷ್ತಾಕ್ 2023ರಲ್ಲಿ ಕೇಳಿದ್ದರು. 2025ರಲ್ಲಿ ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ ಆ ಹಳೆಯ ಮಾತೇ ಅವರ ವಿರುದ್ಧದ ಆರೋಪವಾಯಿತು. ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಗಿ ವಜಾ ಆಯಿತು. ಭಾಷೆಯ ಬಗ್ಗೆ ಲೇಖಕಿಯೊಬ್ಬಳು ಎತ್ತಿದ ಸಂಶಯ ದೈವನಿಂದನೆಯಂತೆ ಕೇಳಿಸಿತಲ್ಲ, ನಾನು ಹುಡುಕುತ್ತಿದ್ದ ಗೆರೆ ಅಲ್ಲಿ ಕಂಡಿತು. ಮೂರ್ತಿ ಇಟ್ಟ ಮಾತ್ರಕ್ಕೆ ಅಭಿಮಾನ ಧರ್ಮವಾಗುವುದಿಲ್ಲ. ಒಳಗಿದ್ದುಕೊಂಡೇ ಪ್ರಶ್ನೆ ಕೇಳಿದವರ ನಿಷ್ಠೆಗೆ ಪುರಾವೆ ಬೇಡತೊಡಗಿದಾಗ ಆಗುತ್ತದೆ.

ಹಂಪಿಯ ಸುತ್ತಲಿನ ಹೊಸಪೇಟೆ, ಸಂಡೂರು ಕನ್ನಡ ನಾಡಿಗೆ ಸೇರಿದ್ದು ಯಾವಾಗ ಎಂದು ಹುಡುಕುತ್ತ ಮತ್ತೆ 1953ಕ್ಕೇ ಬಂದೆ. ಮದ್ರಾಸಿನಲ್ಲಿದ್ದ ಬಳ್ಳಾರಿ ಜಿಲ್ಲೆಯ ಏಳು ತಾಲೂಕುಗಳು ಅಕ್ಟೋಬರ್ 1ರಂದು ಮೈಸೂರಿಗೆ ಸೇರಿದವು. ಅವುಗಳಲ್ಲಿ ಈ ಎರಡೂ ಇದ್ದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಹಿಂದಿನ ರಾತ್ರಿ ಬಳ್ಳಾರಿಯಲ್ಲಿ ವಿಲೀನೋತ್ಸವದ ಮಂಟಪ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಆಸಿಡ್ ಬಲ್ಬ್ ದಾಳಿಗೆ ಬಲಿಯಾದರು.

ಚಿತ್ರವೂ ಸಾವೂ ಒಂದೇ ವರ್ಷದವು. ನಾನು ಟಿಪ್ಪಣಿ ಕಾರ್ಡುಗಳನ್ನು ಇಸವಿವಾರು ಜೋಡಿಸುವವನಾದ್ದರಿಂದ ಪಾಟೀಲರ ಚಿತ್ರ ಮತ್ತು ರಂಜಾನ್ ಸಾಬ್ ಒಂದರ ಮೇಲೊಂದು ಬಂದು ಕೂತರು. ಸಾಲಿನಲ್ಲಿದ್ದ ಆ ಹುಡುಗಿಗೆ ಮೇಲಿನ ಕಾರ್ಡು ಗೊತ್ತಿದೆ. ಕೆಳಗಿನದನ್ನು ಅವಳಿಗೆ ಹೇಳುವವರಾರು?