ಕಾಯ್ದೆ ಬಂತು, ಮುತ್ತು ಬಿಚ್ಚಲಿಲ್ಲ

ಇಂದು ಹಾವೇರಿ ಜಿಲ್ಲೆಯಲ್ಲಿರುವ ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಭಾಗಗಳು 1934ರಲ್ಲಿ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದು ಅಪರಾಧವೆಂದು ಮುಂಬೈ ದೇವದಾಸಿ ರಕ್ಷಣಾ ಕಾಯ್ದೆ ಸಾರಿದ್ದು ಆ ವರ್ಷವೇ. ನಡುವೆ ದ್ವೀಪದಂತಿದ್ದ ಸವಣೂರು ನವಾಬರ ಸಂಸ್ಥಾನ. ಪ್ರಾಂತ್ಯದ ಕಾಯ್ದೆ ಅಲ್ಲಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. 1948ರಲ್ಲಿ ಸಂಸ್ಥಾನ ವಿಲೀನವಾಗಿ ಆ ಗಡಿ ಅಳಿಯಿತು, ಪದ್ಧತಿ ಅಳಿಯಲಿಲ್ಲ. 1982ರಲ್ಲಿ ಕರ್ನಾಟಕ ಇನ್ನೂ ಬಿಗಿಯಾದ ನಿಷೇಧ ತಂದಿತು. ಆಮೇಲೂ 1993-94 ಮತ್ತು 2007-08ರ ಸಮೀಕ್ಷೆಗಳು ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು. ಆ ಪಟ್ಟಿಯ ಜಿಲ್ಲೆಗಳಲ್ಲಿ ಹಾವೇರಿಯೂ ಇದೆ.

ಕಾಯ್ದೆ ಸೋತದ್ದು ಮನೆಯೊಳಗೆ. ಕೆಂಪು-ಬಿಳಿ ಮಣಿಗಳನ್ನು ದಾರಕ್ಕೆ ಪೋಣಿಸಿ ಎಳೆಯ ಕೊರಳಿಗೆ ಕಟ್ಟಿದರೆ ಮುಗಿಯಿತು, 'ಮುತ್ತು ಕಟ್ಟಿದಂತೆ'. ಅದಕ್ಕೆ ಗುಡಿಯೇ ಬೇಕೆಂದಿಲ್ಲ. ದೂರು ಕೊಡಬೇಕಾದ ತಾಯಿ, ಅಜ್ಜಿಯರೇ ಕಟ್ಟಿಸಿದವರಾದಾಗ ಪೊಲೀಸ್ ಠಾಣೆಗೆ ಹೋಗುವವರು ಯಾರು? ಮುಂಬೈ, ಪುಣೆಯ ವೇಶ್ಯಾಗೃಹಗಳಿಗೆ ಹುಡುಗಿಯರನ್ನು ಸಾಗಿಸುವವರಿಗೆ ಮುತ್ತು ಅರ್ಧ ದಾರಿಯನ್ನು ಸುಗಮ ಮಾಡಿಕೊಟ್ಟಿರುತ್ತಿತ್ತು. ಬಡತನವೇ ಇದರ ಬೇರು ಎನ್ನುವವರಿದ್ದಾರೆ. ಬಡತನ ಎಲ್ಲ ಕೇರಿಗಳಲ್ಲೂ ಇತ್ತು; ಮುತ್ತು ಬಿದ್ದದ್ದು ಹೆಚ್ಚಾಗಿ ದಲಿತ ಕೇರಿಯ ಮಕ್ಕಳ ಕೊರಳಿಗೆ. ಜಾತಿಯನ್ನು ಬಿಟ್ಟು ಈ ಲೆಕ್ಕ ಹೊಂದುವುದಿಲ್ಲ.

ಠಾಣೆ ಹೊಗಲಾರದ ಆ ಮನೆಗಳನ್ನು ಹೊಕ್ಕವು ಸ್ವಯಂಸೇವಾ ಸಂಸ್ಥೆಗಳು. ಅಥಣಿಯ ವಿಮೋಚನಾ ಸಂಘ ದೇವದಾಸಿಯರ ಮಕ್ಕಳಿಗೆ ವಸತಿ ಶಾಲೆ ತೆರೆಯಿತು. ಬೆಳಗಾವಿ ಜಿಲ್ಲೆಯಲ್ಲಿ ಮೈರಾಡ ಸಂಸ್ಥೆ ಕಟ್ಟಿದ ಸಂಘಗಳು ಬೆಳೆದು, 1997ರಲ್ಲಿ ಘಟಪ್ರಭೆಯ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಹುಟ್ಟಿತು. ಅದನ್ನು ನಡೆಸಿದವರು ಮಾಜಿ ದೇವದಾಸಿಯರು. ಯಾವ ಮನೆಯ ಮಗಳ ಕೂದಲು ಜಡೆಗಟ್ಟಿತು, ಅದನ್ನು ದೇವಿಯ ಕರೆ ಎಂದು ಯಾರು ಪಿಸುಗುಟ್ಟಿದರು ಎಂಬುದು ಮೊದಲು ತಿಳಿಯುವುದು ಆ ಹಾದಿ ತುಳಿದು ಬಂದವರಿಗೇ. ಇದೆಲ್ಲ ಸರ್ಕಾರದ ಹೊಣೆ, ಅನುದಾನ ನಿಂತರೆ ಸಂಸ್ಥೆಗಳೂ ಗಂಟುಮೂಟೆ ಕಟ್ಟುತ್ತವೆ ಎಂಬ ಆಕ್ಷೇಪ ಸುಳ್ಳಲ್ಲ. ಸಜೆ, ಪಿಂಚಣಿ, ಭೂಮಿ ಕೊಡಬೇಕಾದದ್ದು ಸರ್ಕಾರವೇ. ಆದರೆ ನೊಂದವರದೇ ಸಂಘ ಯೋಜನೆ ಮುಗಿದರೂ ಊರು ಬಿಡುವುದಿಲ್ಲ, ಅವರ ಮನೆ ಇರುವುದೇ ಅಲ್ಲಿ. ಬೆಳಗಾವಿಯಲ್ಲಿ ಕಂಡ ಆ ಬಗೆಯ ಸಂಘಟನೆ ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು, ಸವಣೂರು ಈ ನಾಲ್ಕು ತಾಲೂಕುಗಳ ಹಳ್ಳಿಹಳ್ಳಿಗೂ ಬೇಕು. ಇಂದು ಮುತ್ತಿನ ಬದಲು ಕೆಲಸದ ಆಸೆ, ವರದಕ್ಷಿಣೆ ಬೇಡದ ಪರವೂರ ವರ ಮನೆ ಬಾಗಿಲಿಗೆ ಬರಬಹುದು. ನಿಮ್ಮ ಓಣಿಯ ಹುಡುಗಿ ಇದ್ದಕ್ಕಿದ್ದಂತೆ ಶಾಲೆ ಬಿಟ್ಟರೆ ಮನೆಯವರನ್ನು ಕೇಳಿ. ಉತ್ತರ ಸರಿ ಕಾಣದಿದ್ದರೆ ಅಂದೇ 1098ಕ್ಕೆ ಕರೆ ಮಾಡಿ.