ಹೊನ್ನಾವರದ ಕಡಲಲ್ಲಿ ರಹದಾರಿ

ಪ್ರಯಾಣಿಕನ ಗಂಟು ಬಿಚ್ಚಿಸಿ ನೋಡುವ ಪದ್ಧತಿ ವಿಮಾನದೊಡನೆ ಹುಟ್ಟಿತೆಂದು ಹಲವರು ಭಾವಿಸುವುದುಂಟು. ಭಟ್ಕಳ, ಹೊನ್ನಾವರ, ಕುಮಟೆಗಳ ಕರಾವಳಿಗೆ ಅದು ಹೊಸತಲ್ಲ. ನಾಲ್ಕು ಶತಮಾನಗಳಿಗೂ ಹಿಂದೆಯೇ ಇಲ್ಲಿನ ಹಡಗುಗಳು ಒಂದು ಚೀಟಿಯನ್ನು ಕಯ್ಯಲ್ಲಿಟ್ಟುಕೊಂಡೇ ಕಡಲಿಗಿಳಿಯಬೇಕಾಗಿತ್ತು. ಪೋರ್ತುಗೀಜರು ಅದನ್ನು ‘ಕರ್ತಾಜ್’ ಎಂದು ಕರೆದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ರಹದಾರಿ.

ಅದಕ್ಕೆ ಮುಂಚೆ ಅರಬ್ಬೀ ಸಮುದ್ರಕ್ಕೆ ಒಡೆಯರೆಂಬವರಿರಲಿಲ್ಲ. ಬಂದರಿನಲ್ಲಿ ಸುಂಕ ಕೊಟ್ಟರಾಯಿತು, ಕಡಲು ಎಲ್ಲರದೂ ಆಗಿತ್ತು. ಹೋರ್ಮುಜಿನ ಕುದುರೆಗಳು ಭಟ್ಕಳದಲ್ಲಿಳಿದು ವಿಜಯನಗರಕ್ಕೆ ಘಟ್ಟ ಹತ್ತುತ್ತಿದ್ದುವು. ಇಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಡುತ್ತಿದ್ದುವು. 1502ರಲ್ಲಿ ವಾಸ್ಕೊ ಡ ಗಾಮ ಎರಡನೆಯ ಸಲ ಬಂದಾಗ ಈ ಸ್ಥಿತಿ ಬದಲಾಯಿತು. ಹೊನ್ನಾವರದ ಬಳಿ ಹಡಗುಗಳು ಸುಟ್ಟುವು. ಭಟ್ಕಳ ಅಕ್ಕಿಯ ಕಪ್ಪಕ್ಕೆ ಒಪ್ಪಿಕೊಳ್ಳಬೇಕಾಯಿತು. 1510ರಲ್ಲಿ ಗೋವೆ ಕೈವಶವಾದ ಮೇಲಂತೂ ಕುದುರೆಯ ಹಡಗುಗಳೆಲ್ಲ ಗೋವೆಗೇ ಬರಬೇಕೆಂದು ಆಲ್ಬುಕರ್ಕ್ ನಿರ್ಬಂಧಿಸಿದ. ಆ ಗೋವೆಯನ್ನು ಗೆಲ್ಲಲು ಅವನಿಗೆ ನೆರವಾದವನು ಹೊನ್ನಾವರದ ತಿಮ್ಮಯ್ಯನೇ ಎಂಬುದು ಚರಿತ್ರೆಯ ಒಂದು ವಿಡಂಬನೆ.

ಕರ್ತಾಜಿನಲ್ಲಿ ಹಡಗಿನ ಹೆಸರು, ನಾಖುದನ ಹೆಸರು, ಹಡಗಿನ ಗಾತ್ರ, ಅದರಲ್ಲಿರುವ ಆಯುಧ, ಅದು ಹೋಗುವ ಊರು ಇವೆಲ್ಲ ನಮೂದಾಗುತ್ತಿದ್ದುವು. ಒಯ್ಯಬಾರದ ವಸ್ತುಗಳ ಪಟ್ಟಿಯೂ ಇತ್ತು. ಮದ್ದುಗುಂಡು, ಆಯುಧಗಳನ್ನು ನಿಷೇಧಿಸಿದ್ದು ಭದ್ರತೆಗಾಗಿ ಎಂದರೆ ಒಪ್ಪಬಹುದು. ಆದರೆ ಅದೇ ಪಟ್ಟಿಯಲ್ಲಿ ಕರಿಮೆಣಸೂ ಇತ್ತು! ಮೆಣಸಿನಿಂದ ಯಾವ ಹಡಗು ಮುಳುಗಿತು? ಮೆಣಸು ಪೋರ್ತುಗಲ್ ದೊರೆಯ ಏಕಸ್ವಾಮ್ಯ, ಅಷ್ಟೇ ಕಾರಣ. ಭದ್ರತೆಯ ಸೆರಗಿನಲ್ಲಿ ಬೊಕ್ಕಸವನ್ನು ಕಟ್ಟಿಟ್ಟ ನಿಯಮ ಅದು. ಸಾಮಾನ್ಯ ವರ್ತಕ ಅದನ್ನು ಮೀರಿದರೆ ಹಡಗೇ ಜಪ್ತಿ. ದೊರೆಯ ಅಧಿಕಾರಿಗಳಾದರೋ ಗುಟ್ಟಾಗಿ ಸ್ವಂತ ವ್ಯಾಪಾರ ನಡೆಸುತ್ತಿದ್ದರು. ಗೋವೆಯಲ್ಲಿದ್ದ ದಿಯೋಗೊ ದೊ ಕೌತೊ ಎಂಬ ಪೋರ್ತುಗೀಜ ಲೇಖಕನೇ ತನ್ನವರ ಈ ಭ್ರಷ್ಟತೆಯನ್ನು ಖಂಡಿಸಿ ಬರೆದಿದ್ದಾನೆ.

ಮೆಣಸು ಬೆಳೆಯುತ್ತಿದ್ದುದು ಗೇರಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ನಾಡಿನಲ್ಲಿ. ಪೋರ್ತುಗೀಜರೇ ಅವಳನ್ನು ‘ಮೆಣಸಿನ ರಾಣಿ’ ಎಂದರು. ಕುಮಟೆಯ ಹತ್ತಿರದ ಮಿರ್ಜಾನ ಕೋಟೆಯ ಹೆಸರು ಇಂದಿಗೂ ಅವಳೊಡನೆ ಬೆಸೆದುಕೊಂಡಿದೆ. ಬೆಳೆದವರು ನಾವು, ಒಯ್ಯಲು ಅಪ್ಪಣೆ ಬೇರೆಯವರದು. 1569ರಲ್ಲಿ ಹೊನ್ನಾವರದ ಕೋಟೆಯೂ ಅವರ ಪಾಲಾಯಿತು. ಶರಾವತಿಯ ಅಳಿವೆಯ ಬಾಯಲ್ಲೇ ತಪಾಸಣೆಯವರು ಬಂದು ಕುಳಿತಂತಾಯಿತು.

ಒಂದೇ ನಿಯಮ ಎಲ್ಲರಿಗೂ ಒಂದೇ ಆಗಿತ್ತೆ? ಇಲ್ಲ. ಅಕ್ಬರ ಬಾದಶಹನಿಗೆ ವರ್ಷಕ್ಕೊಂದು ಮಕ್ಕಾ ಯಾತ್ರೆಯ ಹಡಗಿಗೆ ಪುಕ್ಕಟೆ ರಹದಾರಿ ಸಿಗುತ್ತಿತ್ತು. ಭಟ್ಕಳದ ವರ್ತಕನಿಗೆ ಆ ಭಾಗ್ಯವೆಲ್ಲಿಯದು? ಇನ್ನೂ ವಿಚಿತ್ರವೆಂದರೆ ರಹದಾರಿ ಇದ್ದರೂ ಅಭಯವಿರಲಿಲ್ಲ. 1613ರಲ್ಲಿ ಜಹಾಂಗೀರನ ತಾಯಿಯ ‘ರಹೀಮಿ’ ಹಡಗನ್ನು, ಅದರಲ್ಲಿ ಕರ್ತಾಜು ಇದ್ದಾಗಲೇ, ಪೋರ್ತುಗೀಜರು ಹಿಡಿದರು. ಬಾದಶಹ ಕೆರಳಿ ದಮನಿಗೆ ಮುತ್ತಿಗೆ ಹಾಕಿಸಿದ. ನಿಯಮ ಮಾಡಿದವರೇ ಅದನ್ನು ಮುರಿದ ದಿನ ಆ ಚೀಟಿಯ ಬೆಲೆ ಕಾಗದದ ಬೆಲೆಗಿಳಿಯಿತು. 1654ರ ಹೊತ್ತಿಗೆ ಹೊನ್ನಾವರದ ಕೋಟೆ ಕೆಳದಿಯ ಶಿವಪ್ಪ ನಾಯಕನ ವಶವಾಯಿತು.

ಇಂದು ಈ ಮೂರು ಊರುಗಳ ಮಕ್ಕಳು ಮಂಗಳೂರಿಗೋ ಗೋವೆಗೋ ಹೋಗಿ ಕೊಲ್ಲಿ ನಾಡಿಗೆ ವಿಮಾನ ಹತ್ತುತ್ತಾರೆ. ವಿಮಾನದ ತಪಾಸಣೆಯನ್ನು ಕರ್ತಾಜಿಗೆ ಸರಿದೂಗಿಸುವುದು ನ್ಯಾಯವಲ್ಲ. 1985ರಲ್ಲಿ ‘ಕನಿಷ್ಕ’ದಲ್ಲಿ 329 ಜನ ಸತ್ತರು. 1999ರಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನ ಕಂದಹಾರಕ್ಕೆ ಅಪಹರಣವಾಯಿತು. ಅಪಾಯ ನಿಜವಾದುದು; ತಪಾಸಣೆ ನಮ್ಮ ಜೀವಕ್ಕಾಗಿಯೇ ಇದೆ. ಆದರೂ ನನಗೆ ಹಳೆಯ ಚರಿತ್ರೆ ನೆನಪಾಗದೆ ಇಲ್ಲ. ಒಂದು ನಿಲ್ದಾಣದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಸುಮ್ಮನೆ ದಾಟಿತು. ಇನ್ನೊಂದರಲ್ಲಿ ಅಂಥದೇ ಭರಣಿಯನ್ನು ಎತ್ತಿಟ್ಟರು. ಏಕೆಂದು ಕೇಳಿದರೆ ‘ನಿಯಮ’ ಎಂದಷ್ಟೇ ಉತ್ತರ. ಒಣಕೊಬ್ಬರಿ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲುದು. ಆದುದರಿಂದಲೇ ಅದು ಅಪಾಯದ ಸರಕುಗಳ ಪಟ್ಟಿಯಲ್ಲಿದೆ. ಇಷ್ಟನ್ನು ತಿಳಿಸಿದರೆ ಯಾವ ತಾಯಿಯೂ ಮಗನ ಚೀಲದಲ್ಲಿ ಕೊಬ್ಬರಿ ತುಂಬಲಾರಳು. ಬೂಟಿನ ಮಾತೂ ಹಾಗೆಯೇ. 2001ರಲ್ಲಿ ಒಬ್ಬನು ಬೂಟಿನಲ್ಲಿ ಸ್ಫೋಟಕವಿಟ್ಟುಕೊಂಡು ಬಂದ. ಮುಂದೆ ಅಮೆರಿಕದಲ್ಲಿ ಕೋಟ್ಯಂತರ ಜನ ವರ್ಷಗಟ್ಟಲೆ ಬೂಟು ಬಿಚ್ಚಿದರು. 2025ರ ಜುಲೈಯಲ್ಲಿ ಅಲ್ಲಿ ಆ ಕಟ್ಟಳೆ ಸಡಿಲವಾಯಿತು. ನಿನ್ನೆ ಅಪಾಯವಾಗಿದ್ದುದು ಇಂದು ಹೇಗೆ ಅಲ್ಲವಾಯಿತು ಎಂಬ ಪ್ರಶ್ನೆ ಪ್ರಯಾಣಿಕನಲ್ಲಿ ಏಳುವುದು ಸಹಜ.

ಕಟ್ಟುನಿಟ್ಟು ಹೆಚ್ಚಾಯಿತೆಂದು ಜನ ದೂರುವುದು ಕಡಿಮೆ. ಒಬ್ಬನಿಗೊಂದು, ಇನ್ನೊಬ್ಬನಿಗೊಂದು ಆದಾಗ ಮನಸ್ಸು ಮುರಿಯುತ್ತದೆ. ಕಾರಣ ತಿಳಿಸಿ, ಎಲ್ಲರಿಗೂ ಒಂದೇ ಅಳತೆ ಹಿಡಿದ ನಿಯಮವನ್ನು ಜನ ತಾವಾಗಿ ಕಾಯುತ್ತಾರೆ. ಹಾಗಲ್ಲದ ನಿಯಮವನ್ನು ಕಾಯಲು ಕೋಟೆ ಬೇಕು, ಫಿರಂಗಿ ಬೇಕು. ಹೊನ್ನಾವರದಲ್ಲಿ ಅವೆರಡೂ ಇದ್ದುವು, ಆದರೂ ಉಳಿಯಲಿಲ್ಲ.